ಮೊಲ ಮಾಡಿದ ತಪ್ಪಾದರೂ ಏನು?

ಓದುಗರ ಪತ್ರ: ಸಂಪಾದಕರೇ, ಯಹೂದಿಗಳ ಊಟದ ಕಟ್ಟುಪಾಡಿನ ಬಗ್ಗೆ ನಿಮ್ಮಲ್ಲಿ ಬಂದ ಟಿಪ್ಪಣಿ ಓದಿದೆ. ಹಂದಿ, ಒಂಟೆ, ಮೊಲ ಅವರಿಗೆ ಅಶುದ್ಧ ಎಂದಿದ್ದೀರಿ. ಹಂದಿ ಬಿಡಿ, ಕೊಳಕು ತಿನ್ನುತ್ತೆ, ರೋಗ ಬರುತ್ತೆ. ಆದರೆ ಮೊಲ ಮಾಡಿದ ತಪ್ಪಾದರೂ ಏನು? ಮೊಲ ಮೆಲುಕು ಹಾಕುತ್ತದೆ ಅಂತ ಬೇರೆ ಅವರ ಗ್ರಂಥದಲ್ಲಿದೆಯಂತೆ. ಕೆಲಸದಲ್ಲಿದ್ದಷ್ಟು ಕಾಲವೂ ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಇದನ್ನು ಹೇಗೆ ಒಪ್ಪಲಿ? ಇದೂ ನಮ್ಮ ಮಡಿ-ಮೈಲಿಗೆಯ ಹಾಗೇನಾ? ಇನ್ನೊಂದು ವಿಷಯ. ಮಗನ ಜೊತೆ ಕೆಲಸ ಮಾಡುವ ಇಸ್ರೇಲಿನವರೊಬ್ಬರು ಮುಂದಿನ ತಿಂಗಳು ನಮ್ಮನೆಗೆ ಊಟಕ್ಕೆ ಬರುತ್ತಾರೆ. ನಾವು ಮೂಲತಃ ಕರಾವಳಿಯವರು. ಅವರಿಗೆ ಯಾವ ಮೀನು ಮಾಡಬಹುದು?
ನಿವೃತ್ತ ಶಿಕ್ಷಕಿ, ದಾವಣಗೆರೆ

ಸಂಪಾದಕರ ಉತ್ತರ:

ಮೇಡಂ, ಮೊಲದ ಪರವಾಗಿ ವಕಾಲತ್ತು ಹಾಕಿದ ಪತ್ರ ನಮಗೆ ಬಂದದ್ದು ಇದೇ ಮೊದಲು. ಕಚೇರಿಯಲ್ಲಿ ಎಲ್ಲರೂ ಓದಿದರು. ಟಿಪ್ಪಣಿಯಲ್ಲಿ ಜಾಗ ಕಡಿಮೆ ಇತ್ತು, ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ನಿಯಮ. ಇದು ಯಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ಎರಡು ಕಡೆ ಬರುತ್ತದೆ: ಯಾಜಕಕಾಂಡದ 11ನೇ ಅಧ್ಯಾಯ, ಧರ್ಮೋಪದೇಶಕಾಂಡದ 14ನೇ ಅಧ್ಯಾಯ. ನೆಲದ ಮೇಲೆ ಓಡಾಡುವ ಪ್ರಾಣಿಗೆ ಎರಡು ಗುರುತು ಇರಬೇಕು. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಎರಡೂ ಇದ್ದರೆ ತಿನ್ನಬಹುದು. ದನ, ಕುರಿ, ಆಡು, ಜಿಂಕೆ ಇವೆಲ್ಲ ಸೈ. ಎರಡರಲ್ಲಿ ಒಂದೇ ಇದ್ದರೆ ಇಲ್ಲ. ಒಂದೇ ಗುರುತಿನ ಪ್ರಾಣಿಗಳು ಅಂತ ನಾಲ್ಕನ್ನು ಹೆಸರಿಟ್ಟು ಹೇಳಿದೆ. ಗ್ರಂಥದ ಪ್ರಕಾರ ಒಂಟೆ, ಹೈರಾಕ್ಸ್, ಮೊಲ ಇವು ಮೆಲುಕು ಹಾಕುತ್ತವೆ, ಗೊರಸು ಸೀಳಿಲ್ಲ. ಹಂದಿಯ ಗೊರಸು ಸೀಳಿದೆ, ಮೆಲುಕು ಹಾಕುವುದಿಲ್ಲ. ಹೈರಾಕ್ಸ್ ನಮ್ಮ ದೇಶದಲ್ಲಿಲ್ಲ. ಮೊಲದ ಗಾತ್ರದ, ಬಾಲವಿಲ್ಲದ, ಗುಂಡಗಿನ ಪ್ರಾಣಿ. ಮೃತ ಸಮುದ್ರದ ಪಕ್ಕದ ಏನ್ ಗೆದಿಯಲ್ಲಿ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ.

ಈ ಲೆಕ್ಕದಲ್ಲಿ ಜಿರಾಫೆ ಕೂಡ ಪಾಸು, ಗೊತ್ತಾ? ಗೊರಸೂ ಸೀಳಿದೆ, ಮೆಲುಕೂ ಹಾಕುತ್ತದೆ. ಅಷ್ಟುದ್ದದ ಕತ್ತಿನಲ್ಲಿ ಎಲ್ಲಿ ಕೊಯ್ಯಬೇಕೆಂದು ತಿಳಿಯದೆ ಯಹೂದಿಗಳು ಅದನ್ನು ತಿನ್ನುವುದಿಲ್ಲ ಎನ್ನುವುದು ಸುಮ್ನೆ ತಮಾಷೆಯ ಮಾತು. ಅಷ್ಟುದ್ದ ಕತ್ತಿದ್ದರೆ ಕೊಯ್ಯಲು ಜಾಗ ಜಾಸ್ತಿಯೇ ಅಲ್ವಾ?

ಈಗ ನಿಮ್ಮ ಮೊಲ. ಜೀವಶಾಸ್ತ್ರದ ಪ್ರಕಾರ ನೀವು ಹೇಳಿದ್ದೇ ಸರಿ. ಮೊಲಕ್ಕೆ ದನದ ಹಾಗೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ. ನುಂಗಿದ್ದು ಮತ್ತೆ ಬಾಯಿಗೆ ಬರುವುದಿಲ್ಲ. ಆದರೆ ಅದು ಇನ್ನೊಂದು ಕೆಲಸ ಮಾಡುತ್ತದೆ, ಅದೂ ನಿಮಗೆ ಗೊತ್ತಿರುತ್ತದೆ. ಗಟ್ಟಿ ಹಿಕ್ಕೆಯ ಜೊತೆಗೆ ಮೆತ್ತಗಿನ ಇನ್ನೊಂದು ಬಗೆಯ ಹಿಕ್ಕೆ ಹಾಕುತ್ತದೆ, ಅದನ್ನು ತಾನೇ ಬಾಯಿ ಹಾಕಿ ತಿನ್ನುತ್ತದೆ. ಹೀಗೆ ಒಂದೇ ಮೇವು ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಇದೇ ಮೆಲುಕು ಎಂದು ವಾದಿಸಿ ಗ್ರಂಥವನ್ನು ಗೆಲ್ಲಿಸಲು ಹೊರಡುವವರಿದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ. ಹೈರಾಕ್ಸ್ ಕೂಡ ಮೆಲುಕು ಹಾಕುವ ಪ್ರಾಣಿಯಲ್ಲ, ಅದಕ್ಕೇನು ಹೇಳೋಣ? ಮೊಲವಾಗಲಿ ಹೈರಾಕ್ಸ್ ಆಗಲಿ ದೂರದಿಂದ ನೋಡಿದರೆ ದವಡೆ ಆಡಿಸುತ್ತಲೇ ಇರುತ್ತವೆ. ಕುರಿ ಕಾಯುವವನ ಕಣ್ಣಿಗೆ ಕಂಡದ್ದನ್ನು ಬರೆದಿದ್ದಾರೆ ಎಂದುಕೊಂಡರೆ ಸಾಕು. ಅವನು ಹೊಟ್ಟೆ ಸೀಳಿ ಕೋಣೆ ಎಣಿಸಲು ಕೂತಿರಲಿಲ್ಲ.

ತಪ್ಪೇನು ಎಂದು ಕೇಳಿದ್ದೀರಿ. ಏನೂ ಇಲ್ಲ. ಇಲ್ಲಿ ಅಶುದ್ಧ ಎಂದರೆ ತಟ್ಟೆಗೆ ಬರಬಾರದು ಎಂದಷ್ಟೇ, ಆ ಪ್ರಾಣಿ ಕೀಳು ಎಂದಲ್ಲ. ಕತ್ತೆಯನ್ನೇ ನೋಡಿ. ಎರಡು ಗುರುತಿನಲ್ಲಿ ಒಂದೂ ಇಲ್ಲದ ಪ್ರಾಣಿ. ಆದರೂ ಅದರ ಮೇಲೆ ಕೂತು ಓಡಾಡಿದರು, ಹೊರೆ ಹೊರಿಸಿದರು. ಅಷ್ಟೇ ಅಲ್ಲ, ಕತ್ತೆಯ ಚೊಚ್ಚಲ ಗಂಡುಮರಿಗೆ ಬದಲಾಗಿ ಒಂದು ಕುರಿಮರಿ ಕೊಟ್ಟು ಬಿಡಿಸಿಕೊಳ್ಳಬೇಕು ಎಂದು ವಿಮೋಚನಕಾಂಡ ಹೇಳುತ್ತದೆ. ತಿನ್ನಬಹುದಾದ ಪ್ರಾಣಿಯನ್ನು ಕೊಟ್ಟು ತಿನ್ನಬಾರದ ಪ್ರಾಣಿಯನ್ನು ಉಳಿಸಿಕೊಳ್ಳುವುದು! ಜಲಪ್ರಳಯದ ಕಥೆಯ ನೋಹನ ನಾವೆಯಲ್ಲೂ ಎರಡೂ ಬಗೆಯವಕ್ಕೆ ಜಾಗವಿತ್ತು, ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ.

ಹಂದಿಯ ವಿಷಯ ಅರ್ಥವಾಗುತ್ತದೆ ಎಂದಿರಿ. ಅಲ್ಲಿ ಮಾತ್ರ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ರೋಗದ ಕಾರಣ ಎಲ್ಲರಿಗೂ ಥಟ್ಟನೆ ಹೊಳೆಯುವ ಕಾರಣ. ಟ್ರೈಕಿನೆಲ್ಲ ಎಂಬ ಹುಳು ಮನುಷ್ಯನ ಸ್ನಾಯುವಿನಲ್ಲಿ ಕಂಡದ್ದು 1835ರಲ್ಲಿ, ಲಂಡನ್ನಿನ ಒಬ್ಬ ವೈದ್ಯ ವಿದ್ಯಾರ್ಥಿಯ ಕಣ್ಣಿಗೆ. ಸರಿಯಾಗಿ ಬೇಯದ ಹಂದಿಮಾಂಸದಿಂದ ಅದು ಬರುತ್ತದೆ ಎಂದು ಜರ್ಮನಿಯಲ್ಲಿ ತ್ಸೆಂಕರ್ ತೋರಿಸಿಕೊಟ್ಟದ್ದು 1860ರಲ್ಲಿ. ಆಮೇಲೆ ಶುರುವಾಯಿತು ನೋಡಿ, ತೋರಾ ತಂದುಕೊಟ್ಟ ಮೋಶೆಗೆ ಇದೆಲ್ಲ ಮೊದಲೇ ಗೊತ್ತಿತ್ತು ಎನ್ನುವ ಮಾತು. ಹಾಗಿದ್ದರೆ ಚೆನ್ನಾಗಿ ಬೇಯಿಸಿ ತಿನ್ನಿ ಎಂದರೆ ಮುಗಿಯುತ್ತಿತ್ತು. ದನದ ಮಾಂಸದಿಂದಲೂ ಲಾಡಿಹುಳು ಬರುತ್ತದೆ, ಅದನ್ನು ಬಿಡಿ ಎಂದು ಹೇಳಲಿಲ್ಲ. ಒಂಟೆ ತಿಂದು ಬದುಕುವ ಜನ ಅಕ್ಕಪಕ್ಕದಲ್ಲೇ ಇದ್ದರು.

ಆರೋಗ್ಯದ ಕಾರಣ ಹೇಳಿದವರು ಯಹೂದಿಗಳಲ್ಲೇ ಇದ್ದಾರೆ, ಅದೂ ಸಣ್ಣಪುಟ್ಟವರಲ್ಲ. 12ನೇ ಶತಮಾನದ ದೊಡ್ಡ ಪಂಡಿತ ಮೈಮೊನಿಡಿಸ್ ಈಜಿಪ್ಟಿನಲ್ಲಿ ವೈದ್ಯನಾಗಿದ್ದವನು. ಹಂದಿ ತಿನ್ನಲು ಬಿಟ್ಟಿದ್ದರೆ ಬೀದಿ, ಮನೆ ಎಲ್ಲ ಪಾಯಿಖಾನೆಗಿಂತ ಕೊಳಕಾಗುತ್ತಿದ್ದವು ಎಂದು ಬರೆದ. ಅವನಾದ ಮೇಲೆ ಸುಮಾರು ಮುನ್ನೂರು ವರ್ಷಕ್ಕೆ ಬಂದ ಅಬ್ರವನೆಲ್ ಎಂಬ ಯಹೂದಿ ಪಂಡಿತ ಇದನ್ನು ಒಪ್ಪಲಿಲ್ಲ. ಹಂದಿ ತಿನ್ನುವ ಜನ ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ, ತೋರಾ ಏನು ವೈದ್ಯದ ಪುಸ್ತಕವೇ ಎಂದು ಕೇಳಿದ. ನನ್ನ ವೋಟು ಅಬ್ರವನೆಲ್‌ಗೆ. ಗ್ರಂಥದಲ್ಲೇ ಕಾರಣ ಹೇಳಿದ್ದಾರೆ: ನಾನು ಪವಿತ್ರನಾಗಿರುವ ಹಾಗೆ ನೀವೂ ಪವಿತ್ರರಾಗಿರಿ ಎಂದು. ಹುಳುವಿನ ಸುದ್ದಿ ಅಲ್ಲಿಲ್ಲ.

ಇದಕ್ಕೂ ಹಳೆಯ ಮಾತೊಂದು ನನಗೆ ತುಂಬಾ ಇಷ್ಟ. ರಬ್ಬಿ, ಅಂದರೆ ಯಹೂದಿ ಧರ್ಮಗುರು, ಎಲಾಜಾರ್ ಬೆನ್ ಅಜರ್ಯ ಎಂಬವರದು. ಹಂದಿಮಾಂಸ ನನಗೆ ಸೇರುವುದಿಲ್ಲ ಎಂದು ಹೇಳಬೇಡಿ ಎನ್ನುತ್ತಾರೆ ಅವರು. ನನಗೂ ಆಸೆಯಿದೆ, ಆದರೆ ಏನು ಮಾಡಲಿ, ಮೇಲಿರುವ ತಂದೆ ಬೇಡ ಎಂದಿದ್ದಾನೆ ಎಂದು ಹೇಳಿ. ನೋಡಿ, ಅಸಹ್ಯಪಟ್ಟು ಬಿಟ್ಟರೆ ಅದರಲ್ಲಿ ದೊಡ್ಡಸ್ತಿಕೆ ಏನು ಬಂತು? ಬಾಯಲ್ಲಿ ನೀರೂರುವಾಗ ಬಿಡಬೇಕು.

ಇಷ್ಟಾದರೂ ಹಂದಿಯೇ ಯಾಕೆ ಇಷ್ಟು ಹೆಸರು ಕೆಡಿಸಿಕೊಂಡಿತು? ಆ ಪಟ್ಟಿಯಲ್ಲಿ ಮೊಲಕ್ಕೆ ಎಷ್ಟು ಜಾಗವೋ ಹಂದಿಗೂ ಅಷ್ಟೇ, ಒಂದೊಂದು ವಾಕ್ಯ. ಹಂದಿಯನ್ನು ದೊಡ್ಡದು ಮಾಡಿದ್ದು ಆಮೇಲಿನ ಚರಿತ್ರೆ. ಕ್ರಿ.ಪೂ. 167ರ ಹೊತ್ತಿಗೆ ಗ್ರೀಕ್ ರಾಜ ನಾಲ್ಕನೇ ಆಂಟಿಯೋಕಸ್ ಯಹೂದಿಗಳ ಆಚಾರಗಳನ್ನೆಲ್ಲ ನಿಷೇಧಿಸಿದ. ಆಗ ಎಲಿಯಾಜರ್ ಎಂಬ ತೊಂಬತ್ತರ ಮುದುಕನ ಬಾಯಿ ಬಿಡಿಸಿ ಹಂದಿಮಾಂಸ ತುರುಕಲು ನೋಡಿದರು ಎಂದು ಮಕ್ಕಬಿಯರ ಎರಡನೇ ಪುಸ್ತಕ ಎಂಬ ಹಳೆಯ ಗ್ರಂಥದಲ್ಲಿದೆ. ಅವನು ಉಗಿದುಬಿಟ್ಟ. ಅಲ್ಲಿದ್ದ ಹಳೆಯ ಪರಿಚಯದವರಿಗೆ ಪಾಪ ಅನ್ನಿಸಿತು. ಪಕ್ಕಕ್ಕೆ ಕರೆದು, ನಿನಗೆ ಆಗುವ ಮಾಂಸವನ್ನೇ ತಂದುಕೋ, ಹಂದಿ ತಿಂದ ಹಾಗೆ ನಟಿಸು, ಜೀವ ಉಳಿಯುತ್ತೆ ಎಂದರು. ಅವನು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ನಟಿಸಿದರೆ, ಎಲಿಯಾಜರ್ ಕೊನೆಗಾಲಕ್ಕೆ ಜಾತಿಬಿಟ್ಟ ಎಂದು ಹುಡುಗರು ನಂಬುತ್ತಾರೆ ಎಂದ. ಹೊಡೆತ ತಿಂದು ಸತ್ತ. ಇಂಥ ಕಥೆಗಳಾದ ಮೇಲೆ ಹಂದಿ ಬರೀ ಹಂದಿಯಾಗಿ ಉಳಿಯುತ್ತದೆಯೇ? ಮುಂದೆ ರೋಮನ್ನರ ಕಾಟದಲ್ಲಿ ರಬ್ಬಿಗಳು ಹಂದಿಯನ್ನು ರೋಮ್‌ಗೇ ಹೋಲಿಸಿದರು. ಹಂದಿ ಮಲಗುವಾಗ ಗೊರಸು ಮುಂದಕ್ಕೆ ಚಾಚಿ, ನೋಡಿ ನಾನು ಶುದ್ಧ ಎಂದು ತೋರಿಸಿಕೊಳ್ಳುತ್ತದಂತೆ. ಒಳಗಿನ ಗುರುತು ಮಾತ್ರ ಇಲ್ಲ.

ಈ ನಿಯಮವನ್ನು ಮೊದಲಿನಿಂದಲೂ ಎಲ್ಲರೂ ಪಾಲಿಸುತ್ತಿದ್ದರು ಎಂದೂ ತಿಳಿಯಬೇಡಿ. ಯೊನಾತನ್ ಆಡ್ಲರ್ ಮತ್ತು ಓಮ್ರಿ ಲೆರ್ನೌ ಎಂಬ ಇಸ್ರೇಲಿ ಸಂಶೋಧಕರು 2021ರಲ್ಲಿ ಹಳೆಯ ಮೀನುಮೂಳೆಗಳ ಲೆಕ್ಕ ಹಾಕಿದರು. ಹುರುಪೆಯಿಲ್ಲದ ಮೀನು ಕೂಡ ತಿನ್ನಬಾರದ ಪಟ್ಟಿಯಲ್ಲೇ ಇದೆ. ಆದರೂ ಜೆರುಸಲೇಮ್ ಸೇರಿ ಯಹೂದಿಗಳ ನಾಡಾದ ಯೂದಾಯದ ಹಳೆಯ ಊರುಗಳಲ್ಲಿ ಹುರುಪೆಯಿಲ್ಲದ ಕ್ಯಾಟ್‌ಫಿಶ್ ಮೂಳೆ, ಶಾರ್ಕ್ ಅವಶೇಷ ಸಿಕ್ಕಿವೆ. ಜನ ತಿಂದು ಬಿಸಾಕಿದ್ದೇ ಅದು. ಪುಸ್ತಕದಲ್ಲಿದ್ದದ್ದು ಅಡುಗೆಮನೆಗೆ ಇಳಿಯಲು ಕಾಲ ಬೇಕಾಯಿತು ಎನ್ನೋಣ.

ಮಡಿ-ಮೈಲಿಗೆಯ ಹೋಲಿಕೆಗೆ ಅರ್ಧ ಮಾರ್ಕು ಕೊಡುತ್ತೇನೆ. ಸತ್ತ ಪ್ರಾಣಿಯನ್ನು ಮುಟ್ಟಿದವರು ಸಂಜೆಯವರೆಗೆ ಅಶುದ್ಧ, ಅದನ್ನು ಹೊತ್ತವರು ಬಟ್ಟೆಯನ್ನೂ ಒಗೆಯಬೇಕು ಎಂದು ಯಾಜಕಕಾಂಡದ ಅದೇ 11ನೇ ಅಧ್ಯಾಯದಲ್ಲಿದೆ. ತಿನ್ನಬಹುದಾದ ಕುರಿ ತಾನಾಗಿ ಸತ್ತರೂ ಅದೇ ನಿಯಮ. ಈ ಭಾಗ ನಮ್ಮವರಿಗೆ ಪರಿಚಿತ ಅನ್ನಿಸುತ್ತದೆ. ಆದರೆ ಅದಕ್ಕೆ ಜೆರುಸಲೇಮಿನ ದೇವಾಲಯದ ಜೊತೆ ಗಂಟು. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೆ ಅದು ನಿಧಾನವಾಗಿ ಹಿಂದೆ ಸರಿಯಿತು. ಊಟದ ನಿಯಮ ಮಾತ್ರ ಉಳಿಯಿತು. ಜೊತೆಗೆ ಜೀವಂತ ಹಂದಿಯನ್ನಾಗಲಿ ನಾಯಿಯನ್ನಾಗಲಿ ಮುಟ್ಟಿದರೆ ಯಾವ ದೋಷವೂ ಇಲ್ಲ. ಹಂದಿಯಿಂದ ತೆಗೆದ ಹೃದಯದ ಕವಾಟ ಹಾಕಿಸಿಕೊಳ್ಳಲು ರಬ್ಬಿಗಳ ಅಡ್ಡಿಯಿಲ್ಲ. ಅದು ತಿನ್ನುವ ವಿಷಯವಲ್ಲ, ಮೇಲಾಗಿ ಜೀವ ಉಳಿಸುವುದು ದೊಡ್ಡದು.

ಇನ್ನು ನಿಮ್ಮ ಮೀನು. ಇದು ಸುಲಭ. ನೀರಿನಲ್ಲಿರುವುದಕ್ಕೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ಹುರುಪೆ ಇದ್ದರೆ ರೆಕ್ಕೆ ಇದ್ದೇ ಇರುತ್ತದೆ ಎಂದು ರಬ್ಬಿಗಳ ಹಳೆಯ ನಿಯಮಗ್ರಂಥ ಮಿಶ್ನಾ ಹೇಳುತ್ತದೆ, ಹಾಗಾಗಿ ಹುರುಪೆ ನೋಡಿದರೆ ಸಾಕು. ಅದು ಚರ್ಮ ಹರಿಯದೆ ಕಿತ್ತು ಬರಬೇಕು. ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಆಗುತ್ತವೆ. ಬಂಗುಡೆಗೆ ಹುರುಪೆ ಎಲ್ಲಿದೆ ಎನ್ನಬೇಡಿ, ಬಾಲದ ಕಡೆಯಿಂದ ತಲೆಯ ಕಡೆಗೆ ಉಗುರಿನಲ್ಲಿ ಒಮ್ಮೆ ಕೆರೆದು ನೋಡಿ, ಸಣ್ಣ ಚೂರುಗಳು ಉಗುರಿಗೆ ಅಂಟುತ್ತವೆ. ಬಲೆಯಿಂದ ಮೇಲೆ ಬರುವಾಗಲೇ ಹುರುಪೆ ಉದುರಿಸಿಕೊಳ್ಳುವ ಮೀನೂ ಆಗುತ್ತದೆ ಎಂದು ಮಿಶ್ನಾದ ವಿವರಣೆಯಾದ ತಾಲ್ಮುಡ್‌ನಲ್ಲಿ ಬರೆದಿಟ್ಟಿದ್ದಾರೆ. ಸಿಗಡಿ, ಏಡಿ, ಬೊಂಡಾಸ್, ಮರುವಾಯಿ, ತೊರಕೆ, ಶಾರ್ಕ್ ಯಾವುದೂ ಆಗುವುದಿಲ್ಲ. ಸಿಗಡಿ ಇಲ್ಲ ಎಂದರೆ ನಿಮ್ಮ ಮನೆಯಲ್ಲಿ ಬೇಸರವಾಗಬಹುದು, ಏನು ಮಾಡೋದು.

ಈ ಹುರುಪೆಯ ಪರೀಕ್ಷೆ ನಮ್ಮ ಪಕ್ಕದ ಕೊಂಕಣದಲ್ಲೇ ಒಮ್ಮೆ ನಡೆಯಿತು ಎಂದು ಅಲ್ಲಿನ ಯಹೂದಿಗಳಾದ ಬೆನೆ ಇಸ್ರೇಲ್ ಜನರ ನಂಬಿಕೆ. ಅಲೀಬಾಗ್ ಹತ್ತಿರ ನವಗಾಂವ್ ಬಳಿ ಹಡಗು ಒಡೆದು ದಡ ಸೇರಿದವರ ಸಂತತಿ ತಾವು ಎನ್ನುತ್ತಾರೆ ಅವರು. ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಹೀಬ್ರೂ ಮರೆತಿತ್ತು, ಪುಸ್ತಕವಿರಲಿಲ್ಲ. ಡೇವಿಡ್ ರಹಾಬಿ ಎಂಬ ಯಹೂದಿ ಅಲ್ಲಿಗೆ ಬಂದಾಗ ಇವರು ನಮ್ಮವರೇ ಎಂಬ ಅನುಮಾನ ಬಂತು. ಎಲ್ಲ ಜಾತಿಯ ಮೀನು ತಂದು ಹೆಂಗಸರ ಕೈಗೆ ಕೊಟ್ಟು ಅಡುಗೆ ಮಾಡಿ ಎಂದ. ಅವರು ಹುರುಪೆಯಿಲ್ಲದ್ದನ್ನು ಬೇರೆ ತೆಗೆದಿಟ್ಟು, ಇದು ನಾವು ತಿನ್ನುವುದಿಲ್ಲ ಎಂದರು. ರಹಾಬಿಗೆ ಅಷ್ಟು ಸಾಕಾಯಿತು. ಅವನ ಕಾಲ ಯಾವುದು ಎಂಬ ಬಗ್ಗೆ ಶತಮಾನಗಳಷ್ಟು ಅಂತರದ ವಾದಗಳಿವೆ, ಕಥೆ ಮಾತ್ರ ಎಲ್ಲರೂ ಹೇಳುತ್ತಾರೆ. ಇದೇ ಜನ ಮಾಂಸದ ಅಡುಗೆಗೆ ಹಾಲು ಮೊಸರು ಹಾಕದೆ ತೆಂಗಿನಹಾಲು ಹಾಕುತ್ತಾರೆ, ಯಾಕೆಂದರೆ ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರಬಾರದು. ನಿಮ್ಮ ಕಾಯಿ ಅರೆದ ಸಾರಿಗೂ ಆ ತೊಂದರೆ ಇಲ್ಲ.

ಆದರೆ ಮಸಾಲೆ ಅರೆಯುವ ಮೊದಲು ಮಗನಿಗೆ ಹೇಳಿ ಆ ಅತಿಥಿಯನ್ನೇ ಕೇಳಿಸಿಬಿಡಿ. ಇಸ್ರೇಲಿನವರೆಲ್ಲ ಈ ನಿಯಮ ಪಾಲಿಸುತ್ತಾರೆ ಎಂದೇನಿಲ್ಲ. ಸಿಗಡಿ ಸುಕ್ಕ ಇದೆಯಾ ಎಂದು ಅವರೇ ಕೇಳಿದರೂ ಕೇಳಬಹುದು. ಅರೆಬರೆ ಪಾಲಿಸುವವರಾದರೆ ಬಂಗುಡೆ ಸಾರು, ಅನ್ನ ಧಾರಾಳವಾಗಿ ಬಡಿಸಿ, ಸಿಗಡಿ ಹುರಿದ ಬಾಣಲೆ ಮಾತ್ರ ಬಳಸಬೇಡಿ. ಸೊಪ್ಪು, ಹೂಕೋಸು ಮಾಡುವುದಾದರೆ ಉಪ್ಪುನೀರಿನಲ್ಲಿ ನೆನೆಸಿ ಬೆಳಕಿಗೆ ಹಿಡಿದು ನೋಡಿ, ಅವರ ಪ್ರಕಾರ ಹುಳ ತಿನ್ನುವುದು ಹಂದಿ ತಿಂದದ್ದಕ್ಕಿಂತ ಸಣ್ಣ ತಪ್ಪಲ್ಲ. ಮೊಟ್ಟೆಯನ್ನು ಒಂದೊಂದಾಗಿ ಲೋಟಕ್ಕೆ ಒಡೆದು ರಕ್ತದ ಚುಕ್ಕೆ ಇದೆಯಾ ನೋಡಿ ಹಾಕಿ. ಪೂರ್ತಿ ಕಟ್ಟುನಿಟ್ಟಿನವರಾದರೆ ನಮ್ಮ ಪಾತ್ರೆಯಲ್ಲಿ ನಾವು ಬೇಯಿಸಿದ್ದು ಸಸ್ಯಾಹಾರವಾದರೂ ಮುಟ್ಟಲಿಕ್ಕಿಲ್ಲ, ನೀವು ಅದಕ್ಕೆ ನೊಂದುಕೊಳ್ಳಬೇಡಿ. ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ, ಅಲ್ಲೇ ಕೆತ್ತಿದ ಎಳನೀರು ಇಡಿ. ಎಳನೀರಿಗೆ ಸ್ಟ್ರಾ ಕೊಟ್ಟರೆ ಲೋಟದ ಪ್ರಶ್ನೆಯೂ ಬರುವುದಿಲ್ಲ.