ಹಳೆ ಟೆಕ್‌ಟ್ರಾನಿಕ್ಸ್ 465: ಬಿಸಿಯಾದ ಮೇಲೆ ಗೆರೆ ಮಾಯವಾಗುತ್ತದೆ, ಎಲ್ಲಿಂದ ಹುಡುಕುವುದು?

ನಿಮ್ಮ ಪ್ರಶ್ನೆ ಇದು: ಕುಂಬಳೆಯಲ್ಲಿರುವ ನಿಮ್ಮ 465 ಆಸಿಲ್ಲೋಸ್ಕೋಪ್ (ವಿದ್ಯುತ್ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಆನ್ ಮಾಡಿದಾಗ ಸರಿಯಿದ್ದು, ಅರ್ಧ ಗಂಟೆಯಲ್ಲಿ ಎರಡೂ ಚಾನೆಲ್‌ನ ಗೆರೆ ಹೋಗುತ್ತದೆ, ಬದಿಗೆ ತಟ್ಟಿದರೆ ಬರುತ್ತದೆ. ಮಳೆಗಾಲದ ತೇವವೇ ಕಾರಣವೇ? ಕೆಪ್ಯಾಸಿಟರ್ ಎಲ್ಲ ಬದಲಿಸಬೇಕೇ?

ಈಗಲೇ ಏನನ್ನೂ ಬದಲಿಸಬೇಡಿ ಮಾರಾಯ್ರೇ. ತೇವದ ದೋಷ ಹೆಚ್ಚಾಗಿ ಆನ್ ಮಾಡಿದ ಕೂಡಲೇ ಕಾಣಿಸಿ, ಒಳಗೆ ಬಿಸಿಯೇರಿದ ಹಾಗೆ ಕಡಿಮೆಯಾಗುತ್ತದೆ. ನಿಮ್ಮದು ಉಲ್ಟಾ. ತಟ್ಟಿದಾಗ ಸರಿಯಾಗುವುದರಿಂದ ನನ್ನ ಮೊದಲ ಸಂಶಯ ಬಿರುಕುಬಿಟ್ಟ ಬೆಸುಗೆ ಮತ್ತು ಸಾಕೆಟ್‌ನಲ್ಲಿ ಕೂತಿರುವ ಟ್ರಾನ್ಸಿಸ್ಟರ್‌ಗಳ ಮೇಲೆ. ಕಡಲ ಬದಿಯ ಉಪ್ಪು ಗಾಳಿಗೆ ಆ ಕಾಲುಗಳು ಕಪ್ಪಾಗುತ್ತವೆ. ಮಳೆಗಾಲದ ಪಾಲು ಇರುವುದು ಅಲ್ಲಿ.

ಗೆರೆ ಹೋದಾಗ ತಟ್ಟಬೇಡಿ. ದೋಷ ಇರುವಾಗಲೇ ಅಳೆಯಬೇಕು. ಟ್ರಿಗರ್ ಆಟೋದಲ್ಲಿದೆಯೇ (ಸಿಗ್ನಲ್ ಇಲ್ಲದಿದ್ದರೂ ಗೆರೆ ಓಡುವ ಸ್ಥಿತಿ) ನೋಡಿ, ಪರದೆಯಾಚೆಗಿನ ಗೆರೆಯನ್ನು ಒಳಗೆ ಎಳೆದು ತೋರಿಸುವ ಬೀಮ್ ಫೈಂಡ್ ಗುಂಡಿ ಒತ್ತಿ. ಕುಗ್ಗಿದ ಗೆರೆಯೋ ಚುಕ್ಕೆಯೋ ಕಂಡರೆ ಕಿರಣ ಇದೆ, ಪರದೆಯಿಂದ ಆಚೆ ತಳ್ಳಲ್ಪಟ್ಟಿದೆ ಅಷ್ಟೆ. ಮೇಲೆ ಕೆಳಗೆ ಸರಿದಿದ್ದರೆ ವರ್ಟಿಕಲ್ ಆಂಪ್ಲಿಫಯರ್, ಪಕ್ಕಕ್ಕೆ ಸರಿದಿದ್ದರೆ ಹಾರಿಜಾಂಟಲ್. ಎರಡೂ ಚಾನೆಲ್ ಒಟ್ಟಿಗೆ ಹೋಗುವುದರಿಂದ ಪ್ರತಿ ಚಾನೆಲ್‌ಗೂ ಬೇರೆಬೇರೆ ಇರುವ ಅಟೆನ್ಯುಯೇಟರ್‌ಗಳನ್ನು (ಸಿಗ್ನಲ್ ತಗ್ಗಿಸುವ ಭಾಗ) ಬಿಟ್ಟು, ಚಾನೆಲ್‌ಗಳು ಕೂಡಿದ ನಂತರದ ಭಾಗವನ್ನು ನೋಡಿ. ಏನೂ ಕಾಣದಿದ್ದರೆ ಜೆಡ್ ಆಕ್ಸಿಸ್ (ಗೆರೆಯ ಬೆಳಕು ನಿಯಂತ್ರಿಸುವ ಭಾಗ), ಹೈವೋಲ್ಟೇಜ್ ಅಥವಾ ಪವರ್ ಸಪ್ಲೈ.

ಎರಡರಲ್ಲಿ ಯಾವುದಾದರೂ ಮುಂದಿನ ಕೆಲಸ ಒಂದೇ: ಸಪ್ಲೈ ಅಳೆಯುವುದು. +110, +55, +15, +5 ಮತ್ತು -8 ವೋಲ್ಟ್‌ಗಳನ್ನು ಮೊದಲು ತಣ್ಣಗಿರುವಾಗ ಬರೆದಿಟ್ಟು, ದೋಷ ಬಂದಾಗ ಮತ್ತೆ ನೋಡಿ. ಎಲ್ಲವೂ ಏರುಪೇರಾದರೆ +55ರಿಂದ ಶುರುಮಾಡಿ, ಉಳಿದವಕ್ಕೆ ಅದೇ ಆಧಾರ. ಒಂದೇ ಕುಸಿದರೆ ಆ ಲೈನಿನಲ್ಲಿ ಟ್ಯಾಂಟಲಮ್ ಕೆಪ್ಯಾಸಿಟರ್ ಶಾರ್ಟ್ ಆಗುತ್ತಿರಬಹುದು; ಈ ಮಾಡೆಲ್‌ನ ಚಿರಪರಿಚಿತ ಕಾಯಿಲೆ ಅದು. ಹೈವೋಲ್ಟೇಜ್ ಭಾಗದಲ್ಲಿ ಸಾಮಾನ್ಯ ಮಲ್ಟಿಮೀಟರ್ ಇಡಲೇಬೇಡಿ: ಪರದೆಯ ಟ್ಯೂಬಿನ ಕ್ಯಾಥೋಡ್‌ನಲ್ಲಿ ಸುಮಾರು -2450 ವೋಲ್ಟ್ ಇದೆ, ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ. ಮೂರು ಪಿನ್ನಿನ ಅರ್ತ್ ಕೂಡ ಕೀಳಬೇಡಿ.

ಸಪ್ಲೈ ಸರಿಯಿದ್ದರೆ ಜಾಗ ಹುಡುಕುವುದು. ಒಣ ಪ್ಲಾಸ್ಟಿಕ್ ಕಡ್ಡಿಯಿಂದ ಬೋರ್ಡನ್ನು ಮೆಲ್ಲಗೆ ಮುಟ್ಟುತ್ತಾ ಹೋಗಿ. ಹೇರ್ ಡ್ರೈಯರ್ ಬಾಯಿಗೆ ದಪ್ಪ ಕಾಗದದ ಕೊಳವೆ ಸುತ್ತಿದರೆ ಅಂಗೈ ಅಗಲದ ಜಾಗವನ್ನಷ್ಟೇ ಬಿಸಿಮಾಡಬಹುದು. ಫ್ರೀಜ್ ಸ್ಪ್ರೇ ವಿಷಯದಲ್ಲಿ ನಮ್ಮ ಕರಾವಳಿಯವರು ಜಾಗ್ರತೆ: ಆಟಿ ತಿಂಗಳ ತೇವದ ಗಾಳಿಗೆ ತಣ್ಣಗಾದ ಬೋರ್ಡಿನ ಮೇಲೆ ಕೂಡಲೇ ನೀರು ಕೂರುತ್ತದೆ, ಹೊಸ ವಿದ್ಯುತ್ ಸೋರಿಕೆ ಹುಟ್ಟಿ ದಾರಿ ತಪ್ಪಿಸುತ್ತದೆ. ಒಂದು ಬಿಡಿಭಾಗಕ್ಕೆ ಒಂದು ಚಿಕ್ಕ ಸಿಂಪಡಣೆ ಸಾಕು, ಹೈವೋಲ್ಟೇಜ್ ಹತ್ತಿರ ಬೇಡ.

ಜಾಗ ಸಿಕ್ಕ ಮೇಲೆ ಮಾತ್ರ ಸಾಕೆಟ್‌ಗೆ ಕೈ ಹಾಕಿ. ಆಫ್ ಮಾಡಿ, ಪ್ಲಗ್ ಕಿತ್ತು, ಟ್ರಾನ್ಸಿಸ್ಟರ್ ಕೂತ ದಿಕ್ಕಿನ ಫೋಟೋ ತೆಗೆದು, ಒಂದೊಂದನ್ನೇ ಕಿತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಾಲು ಒರೆಸಿ ಅದೇ ಸಾಕೆಟ್‌ಗೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ಕೂರಿಸಿದರೆ ದೋಷ ಸ್ವಲ್ಪ ದಿನ ಅಡಗುತ್ತದೆ, ಎಲ್ಲಿತ್ತೆಂದು ಗೊತ್ತಾಗುವುದಿಲ್ಲ.

ಬೀಮ್ ಫೈಂಡ್ ಒತ್ತಿದಾಗ ಕಂಡದ್ದು, ಐದು ವೋಲ್ಟೇಜ್‌ಗಳ ತಣ್ಣಗಿನ ಮತ್ತು ಬಿಸಿಯ ಅಳತೆ, ಇಷ್ಟನ್ನು ಇಲ್ಲಿ ಬರೆಯಿರಿ. ಮುಂದೆ ಯಾವ ಬೋರ್ಡ್ ನೋಡಬೇಕೆಂದು ಹೇಳುತ್ತೇನೆ.