ರಾಜೀನಾಮೆಗೆ ಸಹಿ ಹಾಕುವ ಮೊದಲು

ಕಾಸರಗೋಡು ಜಿಲ್ಲೆಯ ಕುಂಬಳೆಯ ಕಾರ್ಖಾನೆಯಲ್ಲಿ 7 ವರ್ಷ ಪ್ಯಾಕಿಂಗ್ ಕೆಲಸ ಮಾಡಿದ್ದೀರಿ. ಈಗ ಜನ ಜಾಸ್ತಿ, ಬರಬೇಡಿ ಎಂದಿದ್ದಾರೆ. ಕಂಪನಿಯ ವಕೀಲರು ರಾಜೀನಾಮೆಗೆ ಸಹಿ ಹಾಕಲು ಕರೆಯುತ್ತಿದ್ದಾರೆ, ಹೋಗಲಾ ಅಂತ ಕೇಳಿದ್ದೀರಿ.

ನಾನೂ ಅದೇ ಕಸುಬಿನವನು, ಕಂಪನಿಗಳ ಪರ ವಾದಿಸುವ ವಕೀಲ. ಅವರು ಎಷ್ಟೇ ನಯವಾಗಿ ಮಾತಾಡಲಿ, ನಿಮ್ಮ ವಕೀಲರಲ್ಲ. ಸಹಿ ಹಾಕಬೇಡಿ.

ಜನ ಜಾಸ್ತಿಯೆಂದು ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ನೀವೇ ರಾಜೀನಾಮೆ ಕೊಟ್ಟರೆ ಇವೆರಡೂ ಹೋಗುತ್ತವೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡುಗಂಟು, ಬೇರೆಯೇ ಲೆಕ್ಕ. 5 ವರ್ಷ ದಾಟಿದ್ದರಿಂದ ಅದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ಅದನ್ನೇ ದೊಡ್ಡ ಉಪಕಾರದಂತೆ ಮೇಜಿನ ಮೇಲಿಡುವುದು ನಮ್ಮವರ ಹಳೇ ವರಸೆ!

ಕಾಗದ ಮಲಯಾಳದಲ್ಲಿದ್ದು ನಿಮಗೆ ಓದಲು ಬರದಿದ್ದರೆ ಪ್ರತಿ ಕೇಳಿ ಮನೆಗೆ ತನ್ನಿ.

ವಿದ್ಯಾನಗರದ ಸಿವಿಲ್ ಸ್ಟೇಷನ್‌ಗೆ ಹೋಗಿ ಲೇಬರ್ ಆಫೀಸಿನಲ್ಲಿ ದೂರು ಕೊಡಿ, ಕನ್ನಡದಲ್ಲೇ ಬರೆಯಬಹುದು. ದೂರಿನ ಮೇಲೆ ನಡೆಯುವ ರಾಜಿ ಮಾತುಕತೆಯಲ್ಲಿ ಎರಡೂ ಕಡೆಗೆ ವಕೀಲರು ಕೂರುವಂತಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹಾಗೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೇ ಇದೆ. ಮುಂದೆ ಕೈಗಾರಿಕಾ ವಿವಾದ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋದರೂ ನೀವು ಒಪ್ಪದೆ ಅವರ ವಕೀಲರು ವಾದಿಸುವ ಹಾಗಿಲ್ಲ. ನಮಗೆ ಇದು ದೊಡ್ಡ ತಲೆನೋವು, ನಿಮಗೆ ಅನುಕೂಲ ಅಲ್ವಾ.

ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಹಾಜರಿಯ ಫೋಟೋ ಇದ್ದರೆ ಇವತ್ತೇ ಒಂದು ಕಡೆ ಜೋಡಿಸಿ.