ಗುಳ್ಳೆಯನ್ನು ಉಳಿಸಿ, ಪಟ್ಟಿಯನ್ನು ತೆಗೆಯಿರಿ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಜೀವಕೋಶಗಳ ಅಧ್ಯಯನಕ್ಕೆ ಪ್ರಯೋಗಾಲಯದಲ್ಲಿ ಬಳಸುವ ವಿಧಾನಗಳನ್ನು ಕುರಿತು ತಾವು ಮಾನ್ವಿಯಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೂ ನಾಲ್ಕನೆಯ ಪುಟದಲ್ಲಿರುವ ಒಂದು ಪರಿಚ್ಛೇದದ ಆಸೆಗೆ ಇಷ್ಟುದ್ದದ ಪತ್ರ ಬರೆಯುತ್ತಿದ್ದೇನೆ.

‘ಬರಿಗಣ್ಣಿಗೆ ಎಂದೂ ಕಾಣದ ಜೀವಕೋಶ’ ಎಂಬುದು ತಮ್ಮ ಮೊದಲ ವಾಕ್ಯ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಇಷ್ಟು ಹತ್ತಿರವಿದ್ದು ಹೀಗೆ ಬರೆಯಬಾರದಿತ್ತು. ಹತ್ತಿಯ ಒಂದೊಂದು ಎಳೆಯೂ ಬೀಜದ ಹೊರಪದರದಿಂದ ಬೆಳೆದು ಬಂದ ಒಂದೇ ಒಂದು ಕೋಶ. ಸುಮಾರು ಎರಡೂವರೆಯಿಂದ ಮೂರು ಸೆಂಟಿಮೀಟರ್ ಉದ್ದವಿರುವ ಅದು ನಮ್ಮ ಅಂಗಿಗೆ ಅಂಟಿಕೊಂಡರೂ ಕಾಣುತ್ತದೆ. ಲೇಖನವನ್ನು ಅಲ್ಲಿಂದಲೇ ಆರಂಭಿಸಬಹುದಲ್ಲವೇ?

ಇನ್ನು ಗಂಭೀರವಾದ ತಪ್ಪು. ಹೆಚ್ಚು ಹಿಗ್ಗಿಸಿದಷ್ಟೂ ಹೆಚ್ಚು ಸ್ಪಷ್ಟ ಎಂಬ ನಂಬಿಕೆಯ ಮೇಲೆ ಇಡೀ ಎರಡನೆಯ ಪುಟ ನಿಂತಿದೆ. ದೂರದ ಬಸ್ಸಿನ ಫಲಕವನ್ನು ಮೊಬೈಲಿನಲ್ಲಿ ಸೆರೆಹಿಡಿದು ಬೆರಳಿನಿಂದ ಹಿಗ್ಗಿಸಿ ನೋಡಿ. ಅಕ್ಷರ ದಪ್ಪವಾಗುತ್ತದೆಯೇ ಹೊರತು ಅದು ಸಿಂಧನೂರೋ ಸಿರವಾರವೋ ತಿಳಿಯುವುದಿಲ್ಲ. ವರ್ಧನೆ ಬೇರೆ, ಹತ್ತಿರದ ಎರಡು ಬಿಂದುಗಳನ್ನು ಎರಡಾಗಿ ತೋರಿಸುವ ಸಾಮರ್ಥ್ಯ ಬೇರೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಈ ಸಾಮರ್ಥ್ಯಕ್ಕೆ ಬೆಳಕಿನ ಅಲೆಯುದ್ದವೇ ಮಿತಿ ಹಾಕುತ್ತದೆ ಎಂದು ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ತೋರಿಸಿದರು. ಆ ಮಿತಿ ಸುಮಾರು 200 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್). ಆದ್ದರಿಂದ ತಮ್ಮ ಕಾಲೇಜಿನ ಉಪಕರಣಕ್ಕೆ ಇನ್ನೂ ಬಲವಾದ ಕಣ್ಣುಮಸೂರ ಸಿಕ್ಕಿಸಿದರೆ ಮಸುಕು ದೊಡ್ಡದಾಗುವುದೇ ಹೊರತು, ಕೋಶದೊಳಗೆ ಪ್ರೋಟೀನ್ ತಯಾರಿಸುವ, ಆ ಮಿತಿಗಿಂತ ಚಿಕ್ಕದಾದ ರೈಬೋಸೋಮ್ ಕಾಣುವುದಿಲ್ಲ.

ಅದೇ ಪುಟದಲ್ಲಿ, ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣ ಬಳಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೀವಂತ ಕೋಶ ವಿಭಜನೆಯಾಗುವುದನ್ನು ನೋಡುತ್ತಾರೆಂದು ಬರೆದಿದ್ದೀರಿ. ಅಂತರಂಗವನ್ನು ತೋರಿಸುವ ಸಾಮಾನ್ಯ ವಿಧಾನದಲ್ಲಿ ಕೋಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸಿ, ನೀರು ತೆಗೆದು, ರಾಳದಲ್ಲಿ ಹುದುಗಿಸಿ, 100 ನ್ಯಾನೋಮೀಟರಿಗೂ ತೆಳುವಾಗಿ ಕೊಯ್ದು ನಿರ್ವಾತದಲ್ಲಿ ಇಡುತ್ತಾರೆ. ಅಲ್ಲಿ ವಿಭಜನೆಯಾಗಲು ಜೀವವೆಲ್ಲಿ ಉಳಿದಿರುತ್ತದೆ? ಯಾವ ವಿಧಾನ ಏನನ್ನು ತೋರಿಸುತ್ತದೆ ಎಂಬುದರ ಜೊತೆಗೆ, ತೋರಿಸುವುದಕ್ಕಾಗಿ ಅದು ಏನನ್ನು ಕೆಡಿಸುತ್ತದೆ ಎಂಬುದನ್ನೂ ಹೇಳದಿದ್ದರೆ ಲೇಖನ ಉಪಕರಣಗಳ ಜಾಹೀರಾತಾಗುತ್ತದೆ.

ನೊಬೆಲ್ ಪುರಸ್ಕೃತರ ಒಂದು ಪುಟದ ಪಟ್ಟಿಯನ್ನು ಪೂರ್ತಿ ತೆಗೆಯಿರಿ. ಬಣ್ಣ ಹಾಕದೆ, ಕೊಲ್ಲದೆ, ಪಾರದರ್ಶಕ ಕೋಶವನ್ನು ನೋಡುವ ಉಪಾಯ ಕಂಡುಹಿಡಿದು 1953ರಲ್ಲಿ ಆ ಗೌರವ ಪಡೆದ ಡಚ್ ಭೌತವಿಜ್ಞಾನಿ ಝರ್ನಿಕೆ ಒಬ್ಬರು ಉಳಿಯಲಿ, ಏಕೆಂದರೆ ಮುಂದಿನ ಮಾತಿಗೆ ಅವರು ಬೇಕಾಗುತ್ತಾರೆ. ದ್ರಾವಣವನ್ನು ಗರಗರನೆ ತಿರುಗಿಸಿ ಅದರಲ್ಲಿರುವುದನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬಗೆಗಿನ ಎರಡು ಸಾಲು ಹಾಗೇ ಇರಲಿ. ಒಡೆದ ಕೋಶಗಳ ದ್ರಾವಣವನ್ನು ನಿಧಾನ ತಿರುಗಿಸಿದಾಗ ಕೋಶಕೇಂದ್ರ, ವೇಗ ಹೆಚ್ಚಿಸಿದಾಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತಳಕ್ಕಿಳಿಯುತ್ತವೆ ಎಂಬುದನ್ನಷ್ಟು ಸೇರಿಸಿದರೆ ಸಾಕು.

ಈಗ ನಾಲ್ಕನೆಯ ಪುಟ. ಉಳ್ಳಾಗಡ್ಡಿಯ ಪೊರೆಯನ್ನು ಸ್ಲೈಡಿನ ಮೇಲಿಟ್ಟ ವಿದ್ಯಾರ್ಥಿನಿಯೊಬ್ಬಳು ಗಾಳಿಗುಳ್ಳೆಯನ್ನೇ ಕೋಶಕೇಂದ್ರವೆಂದು ಅಚ್ಚುಕಟ್ಟಾಗಿ ಬರೆದು, ‘ಸರ್, ನಂದರಾಗ ಭಾಳ ದೊಡ್ಡದೈತ್ರಿ’ ಎಂದು ಹಿಗ್ಗಿದ ಪ್ರಸಂಗವನ್ನು ತಾವು ಐದು ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರುವುದು ಅಲ್ಲಿ. ಗುಳ್ಳೆಗೆ ದಪ್ಪ ಕಪ್ಪು ಅಂಚು ಏಕೆ ಬರುತ್ತದೆ, ಮೇಲೆ ಮುಚ್ಚುವ ತೆಳುಗಾಜಿನ, ಅಂದರೆ ಕವರ್ ಸ್ಲಿಪ್ಪಿನ, ಒಂದು ಅಂಚನ್ನು ನೀರಿಗೆ ತಾಗಿಸಿ ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿದರೆ ಗಾಳಿ ಹೇಗೆ ಜಾರಿಹೋಗುತ್ತದೆ, ಒಂದು ಹನಿ ಅಯೋಡಿನ್ ಬಿದ್ದೊಡನೆ ಅದುವರೆಗೆ ಕಾಣದಿದ್ದ ನಿಜವಾದ ಕೋಶಕೇಂದ್ರ ಗೋಡೆಯ ಪಕ್ಕ ಕಂದುಹಳದಿಯಾಗಿ ಹೇಗೆ ಮೂಡುತ್ತದೆ ಎಂಬುದನ್ನು ನಿಧಾನವಾಗಿ ಬರೆಯಿರಿ. ಆ ಬಣ್ಣ ಕೋಶವನ್ನು ಕೊಲ್ಲುತ್ತದೆಂಬ ಮಾತು ಬಂದಾಗ ಝರ್ನಿಕೆಯವರನ್ನು ಕರೆತನ್ನಿ. ಹುಡುಗಿ ‘ಉಳ್ಳಾಗಡ್ಡಿ’ ಎಂದದ್ದನ್ನು ತಾವು ಮುಂದಿನ ಸಾಲಿನಲ್ಲಿ ‘ಈರುಳ್ಳಿ’ ಎಂದು ತಿದ್ದಿರುವುದೂ ಬೇಡ.

ಚಿತ್ರಗಳ ಕೆಳಗೆ ‘400 ಪಟ್ಟು’ ಎಂದು ಹಾಕಿದ್ದೀರಿ. ನಾವು ಅಚ್ಚಿನಲ್ಲಿ ಚಿತ್ರವನ್ನು ಕುಗ್ಗಿಸಿದ ಕೂಡಲೇ ಆ ಸಂಖ್ಯೆ ಸುಳ್ಳಾಗುತ್ತದೆ. ಚಿತ್ರದೊಳಗೇ ಅಳತೆಯ ಗೆರೆಯೊಂದನ್ನು ಎಳೆದು, ಅದು ಎಷ್ಟು ಮೈಕ್ರೋಮೀಟರ್ ಎಂದು ನಮೂದಿಸಿ ಹೊಸ ಪ್ರತಿಯೊಡನೆ ಕಳುಹಿಸಿ.

ಇಂತಿ,
ಸಂಪಾದಕ, ರಾಯಚೂರು